ತೊಟ್ಟಿಲ ಕಂಬದೊಳಗಿನ ಏಳು ಚೀಟಿ

ಗೌರೀಶನ ಸಂಸಾರ ಇನ್ನೂ ಶುರುವಾಗಿರಲಿಲ್ಲ. ಆದರೆ ಅದನ್ನು ಮುರಿಯಲು ಬೇಕಾದ ಏಳು ಗುಟ್ಕಾ ಚೀಟಿಗಳು ಆಗಲೇ ಅವನ ಕಿಸೆಯಲ್ಲಿ ತಯಾರಾಗಿ ಕೂತಿದ್ದವು.

ಗೌರೀಶ ಕಲಘಟಗಿಯಲ್ಲಿ ತೊಟ್ಟಿಲು ಮಾಡುವವನು. ಸಾಗವಾನಿ ಕಟ್ಟಿಗೆ, ಮೇಲೆ ಅರಗಿನ ಬಣ್ಣ; ಮೊಮ್ಮಕ್ಕಳ ಕಾಲಕ್ಕೂ ಬಣ್ಣ ಬಿಡದ ಕೆಲಸ. ದುಮ್ಮವಾಡ, ತಂಬೂರ ಕಡೆಯ ಅರ್ಧ ಕೂಸುಗಳು ಅವನ ತೊಟ್ಟಿಲಲ್ಲೇ ಉಚ್ಚೆ ಹೊಯ್ದು ದೊಡ್ಡವಾಗಿದ್ದವು. ಅವನಿಗೆ ಮಾತ್ರ ಮೂವತ್ನಾಲ್ಕು ತುಂಬಿದರೂ ಹೆಣ್ಣು ಸಿಕ್ಕಿರಲಿಲ್ಲ. ಒಂಬತ್ತು ಮನೆಗಳಲ್ಲಿ ಉಪ್ಪಿಟ್ಟು ತಿಂದು ಒಂಬತ್ತು ಮನೆಗಳಿಂದ "ತಿಳಸ್ತೀವ್ರಿ" ಎಂಬ ಒಂದೇ ಮಾತನ್ನು ಹೊತ್ತು ತಂದಿದ್ದ. ಉಪ್ಪಿಟ್ಟಿನ ವಾಸನೆ ಬಡಿದರೆ ಸಾಕು, ಅವನ ಕೈಗಳು ತಾವಾಗಿಯೇ ಕೂಡಿಕೊಳ್ಳುತ್ತಿದ್ದವು, ಬಾಯಿ "ಬರ್ತೀವ್ರಿ" ಅನ್ನುತ್ತಿತ್ತು.

ಹತ್ತನೆಯವಳು ಅಳ್ನಾವರದ ಮಂಜುಳಾ. ಹಲ್ಲಿನ ಡಾಕ್ಟರ ಬಳಿ ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸ. ಅವಳು ಒಂದೇ ಪ್ರಶ್ನೆ ಕೇಳಿದ್ದಳು.

"ಗುಟ್ಕಾ ತಿಂತೀರೇನ್ರಿ? ಬೆಳಗಾದ್ರ ಬಾಯಿ ತೆರಿಯಾಕ ಬರಲಾರದ ಮಂದೀನ ನೋಡಿ ನೋಡಿ ನನಗ ಸಾಕಾಗೇತಿ."

"ಇಲ್ರಿ," ಎಂದಿದ್ದ ಗೌರೀಶ. ಅವತ್ತು ಆ ಹೊತ್ತಿಗೆ ಹನ್ನೊಂದನೆಯ ಚೀಟಿ ಮುಗಿದಿತ್ತು.

ಸುಳ್ಳು ಹೇಳಿದವರು ಊರ ತುಂಬ ಇದ್ದಾರೆ. ಆದರೆ ಹೇಳಿದ ಸುಳ್ಳನ್ನು ಖರೆ ಮಾಡಲು ಹೊರಟ ಮಬ್ಬು ಇವನೊಬ್ಬನೇ. ದಿನಕ್ಕೆ ಹದಿಮೂರಿದ್ದದ್ದನ್ನು ಹತ್ತಕ್ಕೆ, ಐದಕ್ಕೆ, ಕೊನೆಗೆ ಒಂದಕ್ಕೆ ಇಳಿಸಿದ. ಒಂದೊಂದು ಚೀಟಿಯ ಬಾಯಿಗೂ ತೊಟ್ಟಿಲಿಗೆ ಬಳಿಯುವ ಹಸಿರು ಅರಗಿನ ಬೊಟ್ಟು ಕಾಸಿ ಒತ್ತಿದ. ಮಧ್ಯಾಹ್ನದ ಊಟವಾದ ಮೇಲೆ ಒಂದು ಬೊಟ್ಟು ಒಡೆಯಬೇಕು, ಅಷ್ಟೇ. ಇನ್ನು ಏಳು ಉಳಿದಿದ್ದವು. ಏಳು ದಿನ ಕಳೆದರೆ ಮಂಜುಳಾಗೆ ಹೇಳಿದ ಮಾತು ಬಂಗಾರದಂಥ ಖರೆ ಆಗುತ್ತಿತ್ತು.

ಅಷ್ಟರಲ್ಲಿ ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತೇವೆಂದು ಫೋನು ಮಾಡಿದರು. ಬೆಳಗಿನ ಬಸ್ಸಿಗೇ.

ಬಾಜು ಮನೆಯ ನೀಲಕ್ಕ ಗೋಡೆಯ ಮೇಲಿಂದ ತಲೆ ಹಾಕಿದಳು. ಗೌರೀಶನಿಗೆ ತಾಯಿ ಇಲ್ಲದ್ದರಿಂದ ಅವನ ಮದುವೆಯ ಪೂರ್ತಿ ಜವಾಬ್ದಾರಿಯನ್ನು ಆಕೆ ಯಾರೂ ಕೇಳದೆಯೇ ವಹಿಸಿಕೊಂಡಿದ್ದಳು.

"ಗೌರ್‍ಯಾ, ಹುಷಾರ್ ಇರ ಮತ್ತ. ಆಕಿ ಅಪ್ಪ ಸುಭಾಸ ಅಂದ್ರ ಸಾದಾ ಮನಷ್ಯಾ ಅಲ್ಲ. ಕಟಗಿ ಡಿಪೋದಾಗ ಕೆಲಸಾ. ಬಡದ ನೋಡಿ ಒಳಗ ಏನೈತಿ ಹೇಳ್ತಾನ. ಹೋದ ವರ್ಷ ಮಗಳ ತಲಿ ಮ್ಯಾಲೆ ಕೈ ಇಟ್ಟು ಗುಟ್ಕಾ ಬಿಟ್ಟಾನಂತ. ಬಿಟ್ಟವರ ಮೂಗ ಭಾಳ ಸೂಕ್ಷ್ಮ ಇರ್ತೈತಿ, ತಿಳೀತಿಲ್ಲ? ಗಾದಿ ಎತ್ತಿ ನೋಡ್ತಾನ, ಗಡಿಗಿ ಮುಚ್ಚಳಾ ತಗದ ನೋಡ್ತಾನ!"

ಗೌರೀಶ ಆಗಲೇ ಗಾದಿಯ ಕೆಳಗಿದ್ದ ಚೀಟಿಗಳನ್ನು ಕಿಸೆಗೆ ಹಾಕಿದ್ದ. ಈಗ ಕಿಸೆಯೂ ಸುಡತೊಡಗಿತು. ಕಣ್ಣಿಗೆ ಬಿದ್ದದ್ದು ಅಂಗಡಿಯಲ್ಲಿಟ್ಟ ನಮೂನೆಯ ತೊಟ್ಟಿಲು. ಗಿರಾಕಿಗಳಿಗೆ ತೋರಿಸಲೆಂದೇ ಇಟ್ಟದ್ದು. ಮೂಲೆಗೊಂದರಂತೆ ನಾಲ್ಕು ಕಂಬ, ಕಂಬದ ತಲೆಗೊಂದು ಮರದ ಮೊಗ್ಗು. ಒಂದು ಮೊಗ್ಗನ್ನು ತಿರುವಿ ತೆಗೆದು, ಕಂಬವನ್ನು ಗೇಣುದ್ದ ಕೊರೆದು, ಏಳೂ ಚೀಟಿ ಒಳಗೆ ತುರುಕಿ ಮತ್ತೆ ಮೊಗ್ಗು ತಿರುವಿದ. ಹೊರಗಿನಿಂದ ನೋಡಿದರೆ ಯಾವ ಕಂಬ ಎಂದು ಅವನಿಗೇ ಗೊತ್ತಾಗದಷ್ಟು ಚೊಕ್ಕ ಕೆಲಸ. ತನ್ನ ಕಸುಬಿನ ಬಗ್ಗೆ ಅಷ್ಟು ಹೆಮ್ಮೆ ಅವನಿಗೆ ಹಿಂದೆಂದೂ ಆಗಿರಲಿಲ್ಲ. ಸ್ನಾನಕ್ಕೆ ಹೋದ.

ಅವನು ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗಲೇ ಬಂದುಬಿಟ್ಟರು. ನಮ್ಮ ಕಡೆ ಬಸ್ಸು ಬೇಗ ಬರುವುದು ಇಂಥ ದಿನ ಮಾತ್ರ. ಸುಭಾಸ ಮತ್ತು ಅವನ ತಂಗಿ ಶೈಲಾ. ಶೈಲಾಳ ಕೈಯಲ್ಲಿ ಮೊಬೈಲು; ಅದರಲ್ಲಿ ವಿಡಿಯೋ ಕಾಲಿನಲ್ಲಿ ಮಂಜುಳಾ. ಡಾಕ್ಟರು ರಜೆ ಕೊಟ್ಟಿರಲಿಲ್ಲ, ಆದರೆ ಮನೆ ನೋಡುವ ಆಸೆ ಅವಳನ್ನು ಬಿಟ್ಟಿರಲಿಲ್ಲ. ಶೈಲಾ ಆ ಮೊಬೈಲನ್ನು ಆರತಿ ತಟ್ಟೆಯಂತೆ ಮುಂದೆ ಹಿಡಿದು ಅಡಿಗೆ ಮನೆ, ಹಿತ್ತಲು, ನೀಲಕ್ಕನ ಮೂಗುಬೊಟ್ಟು ಎಲ್ಲವನ್ನೂ ತೋರಿಸುತ್ತ ತಿರುಗಿದಳು.

ಸುಭಾಸ ಮಾತ್ರ ನೇರ ಅಂಗಡಿಗೆ ಹೊಕ್ಕಿದ. "ಸಾಗವಾನಿ ಖರೇನ ಐತೋ, ಇಲ್ಲಾ ಬೇವಿಗೆ ಬಣ್ಣಾ ಬಡದಾನೋ ನೋಡಬೇಕಲ್ಲ! ಈ ಸುಭಾಸನ ಬಟ್ಟಿನ ಮುಂದ ಯಾ ಕಟಗೀನೂ ಸುಳ್ಳ ಹೇಳಾಂಗಿಲ್ಲ!" ಎಂಬ ಅವನ ದೊಡ್ಡ ದನಿ ಬಚ್ಚಲದವರೆಗೂ ಕೇಳಿತು. ಆಮೇಲೆ ಟಕ್, ಟಕ್, ಟಕ್ ಎಂದು ಬೆರಳಿನಿಂದ ಬಡಿಯುವ ಸದ್ದು. ಆಮೇಲೆ ಏನೂ ಇಲ್ಲ.

ಗೌರೀಶ ಬಿಳಿ ಅಂಗಿ ತೊಟ್ಟು ಓಡಿ ಬಂದಾಗ ಸುಭಾಸ ತೊಟ್ಟಿಲ ಪಕ್ಕ ಒಬ್ಬನೇ ಕೂತಿದ್ದ. ಕಣ್ಣು ಅರ್ಧ ಮುಚ್ಚಿದ್ದವು. ಮುಖ ತುಸು ಮೇಲೆತ್ತಿತ್ತು.

"ಶರಣ್ರಿ ಮಾವಾರ. ಆರಾಮ ಬಂದ್ರ್ಯಾ?"

"ಹೂಂ," ಎಂದ ಸುಭಾಸ.

"ಚಾ ತಗೋರಿ."

"ಊಂಹೂಂ."

"ಕಟಗಿ ಹೆಂಗ ಅನಸ್ತ್ರಿ?"

ಸುಭಾಸ ಒಮ್ಮೆ ಮಾಳಿಗೆ ನೋಡಿದ, ಒಮ್ಮೆ ಬಾಗಿಲು ನೋಡಿದ, ಕೊನೆಗೆ "ಹ್ಞೂಂ" ಎಂದ. ಬಾಯಿ ಬಿಡಲೇ ಇಲ್ಲ.

ಗೌರೀಶ ನೀಲಕ್ಕನನ್ನು ಮೂಲೆಗೆ ಎಳೆದ. "ಯಕ್ಕಾ, ಮಾವಾರು ಸಿಟ್ಟಿಗೆದ್ದಾರ ಕಾಣ್ತೈತಿ. ಮಾತ ಆಡವಲ್ರು."

"ಸಿಟ್ಟಲ್ಲೋ ಹುಚ್ಚಾ, ಅದು ತೂಕ. ದೊಡ್ಡ ಮನಷ್ಯಾರು ಹಂಗ ಇರ್ತಾರ. ಮಾರಿ ನೋಡ, ಧ್ಯಾನಕ್ಕ ಕುಂತ ಸ್ವಾಮಿ ಆಗೇತಿ!"

ಇಷ್ಟಕ್ಕೇ ನಿಂತಿದ್ದರೆ ಗೌರೀಶ ಹೇಗೋ ದಡ ಸೇರುತ್ತಿದ್ದ. ಆದರೆ ಅವತ್ತೇ ಓಣಿಯ ಬಾಯಿಗೆ ಒಂದು ಬಿಳಿ ವ್ಯಾನು ಬಂದು ನಿಂತಿತು. ಧಾರವಾಡದ ಕಡೆಯ ಒಂದು ಕಾಲೇಜಿನದು. ಅದರಿಂದ ಇಳಿದವಳು ನೇತ್ರಾ ಎಂಬ ಸಂಶೋಧಕಿ. ತೊಟ್ಟಿಲು ಮಾಡುವ ಓಣಿ ಎಂದು ಕೇಳಿಕೊಂಡು ಬಂದಿದ್ದಳು. ಐದು ನಿಮಿಷದಲ್ಲಿ ವ್ಯಾನಿನ ಸುತ್ತ ಜನ ಬೆಲ್ಲಕ್ಕೆ ಮುತ್ತಿದ ಇರುವೆಯಂತೆ ಮುತ್ತಿದರು. ನಮ್ಮ ಓಣಿಯವರಿಗೆ ಕೆಲಸ ಇಲ್ಲವೆಂದಲ್ಲ. ಬೇರೆಯವರ ಕೆಲಸದಷ್ಟು ರುಚಿ ತಮ್ಮದರಲ್ಲಿ ಇಲ್ಲ, ಅಷ್ಟೇ.

"ಇದು ಎಕ್ಸ್-ರೇ ಮಷಿನ್ ಐತ್ರಿ," ಎಂದಳು ನೇತ್ರಾ. "ದವಾಖಾನಿದ್ದಂಗಲ್ಲ. ಅದು ಬರೇ ನೆರಳ ತೋರಸ್ತೈತಿ. ಇದರಾಗ ಮೂರು ಜಾಲರಿ ಅದಾವ. ಕೂದಲಕ್ಕಿಂತ ಸಣ್ಣ ಸಣ್ಣ ಗೀರು. ಕಿರಣ ಕಟಗಿ ದಾಟಿ ಬರೂಮುಂದ ಎಷ್ಟ ಬಾಗ್ತು, ಎಷ್ಟ ಚದರಿತು ಅನ್ನೂದನ್ನ ಈ ಜಾಲರಿ ಹಿಡೀತಾವ. ಒಳಗ ಸೀಳು, ನಾರು, ಪುಡಿ ಇದ್ರ ಅಲ್ಲಿ ಕಿರಣ ಚದರಿ ಪರದೆ ಮ್ಯಾಲೆ ಬೆಳ್ಳಗ ಹೊಳೀತೈತಿ. ಕೊಯ್ಯೂದ ಬ್ಯಾಡ, ಕೊರಿಯೂದ ಬ್ಯಾಡ."

ನೀಲಕ್ಕ ತನ್ನ ಸೆರಗಿನ ಎರಡು ಪದರ ಒಂದರ ಮೇಲೊಂದು ಹಿಡಿದು ಬಿಸಿಲಿಗೆ ಎತ್ತಿದಳು. "ತೆಳು ಸೀರಿ ಹಿಂಗ ಹಿಡದ್ರ ನೀರಿನಾಗಿನಂಗ ಅಲಿ ಅಲಿ ಕಾಣ್ತಾವಲ್ಲ, ಹಂಗೇನವಾ ತಂಗಿ?"

"ಅಗದಿ ಹಂಗ ಅಕ್ಕಾರ! ನಡುವ ಏನರ ಬಂದ್ರ ಆ ಅಲಿ ಅಳ್ಳಾಡ್ತಾವ. ಅದರ ಮ್ಯಾಲಿಂದ ಒಳಗ ಏನೈತಿ ಗೊತ್ತಾಗ್ತೈತಿ."

ಮೆಚ್ಚುಗೆಯಿಂದ ಉಬ್ಬಿದ ನೀಲಕ್ಕ ತನ್ನ ಮರದ ಕುಂಕುಮದ ಡಬ್ಬಿ ತಂದು ಪರೀಕ್ಷೆಗೆ ಕೊಟ್ಟಳು. ಡಬ್ಬಿ ವ್ಯಾನಿನೊಳಗೆ ಹೋಯಿತು, ದಪ್ಪ ಬಾಗಿಲು ಮುಚ್ಚಿತು. ಹೊರಗಿನ ಪರದೆಯ ಮೇಲೆ ಕುಂಕುಮ ಬೆಳದಿಂಗಳಂತೆ ಹೊಳೆಯಿತು. ಅದರ ನಡುವೆ ಕರ್‍ರಗೆ ಒಂದು ಕೀಲಿಕೈ.

ಎಂಟು ದಿನದಿಂದ ಕಾಣೆಯಾಗಿದ್ದ ಓಣಿಯ ಬೋರಿನ ಕೋಣೆಯ ಕೀಲಿಕೈ ಅದು. ಎಂಟು ದಿನದಿಂದ ನೀಲಕ್ಕನ ಮನೆಗೆ ಮಾತ್ರ ನೀರು ಬರುತ್ತಿತ್ತು.

"ಅಯ್ಯ ನನ್ನ ಶಿವನ! ಅದು ಹೆಂಗ ಹೋತೋ ಅದರಾಗ!" ಎಂದಳು ನೀಲಕ್ಕ. ಜನ ಹೋ ಎಂದರು. ಆಕೆಗೆ ತನ್ನ ಮೇಲಿನ ಕಣ್ಣುಗಳನ್ನು ಬೇರೆ ಕಡೆ ತಿರುಗಿಸಬೇಕಿತ್ತು. ಅದಕ್ಕೆ ಸಿಕ್ಕಿದವನು ಗೌರೀಶ. "ಏ, ಡಬ್ಬಿ ಯಾರಿಗೆ ಬೇಕು! ಗೌರ್‍ಯಾನ ನಮೂನಿ ತೊಟ್ಟಿಲ ತರ್‍ರಿ! ಬೀಗರೂ ಬಂದಾರ. ಹುಡುಗನ ಕೆಲಸಾ ಒಳಗೂ ಹೊರಗೂ ಎಷ್ಟ ಸ್ವಚ್ಛ ಐತಿ ನೋಡೇಬಿಡ್ಲಿ!"

ಪುಡಿ ಇದ್ದಲ್ಲಿ ಬೆಳ್ಳಗೆ ಹೊಳೆಯುತ್ತದೆ ಎಂದು ಈಗ ತಾನೇ ಕಣ್ಣಾರೆ ನೋಡಿದ ಗೌರೀಶ ಓಡಿಹೋಗಿ ಅಂಗಡಿಯ ಬಾಗಿಲಿಗೆ ಅಡ್ಡ ನಿಂತ. ಗುಟ್ಕಾ ಎಂದರೆ ಪುಡಿಯಲ್ಲದೆ ಮತ್ತೇನು?

"ಬ್ಯಾಡ್ರಿ! ಅರಗು ಕರಗತೈತಿ!"

"ಕರಗಂಗಿಲ್ಲ ಸರ, ಬಿಸಿನ ಆಗಂಗಿಲ್ಲ," ಎಂದಳು ನೇತ್ರಾ.

"ಭಾಳ ವಜ್ಜಿ ಐತ್ರಿ!"

"ನಾ ಅದೀನಲ್ಲೋ!" ಎನ್ನುತ್ತ ಎದುರುಮನೆಯ ಸಿರಾಜುದ್ದೀನ ಕಾಕಾ ತೋಳೇರಿಸಿದ. ಗೌರೀಶನಿಗೆ ಅರಗಿನ ಬಣ್ಣದ ಕಡ್ಡಿ ಮಾಡಿಕೊಡುವವನು ಅವನೇ. "ನಮ್ಮ ಬಣ್ಣದ ಮರ್ಯಾದಿನೂ ಅದರಾಗೈತಿ, ಎತ್ತ ಬೇಟಾ!"

ಸುಭಾಸ ಮುಖ ಮೇಲೆತ್ತಿ "ಹೂಂ, ಹೂಂ" ಎಂದು ಜೋರಾಗಿ ತಲೆಯಾಡಿಸಿದ. ಬೀಗರ ಅಪ್ಪಣೆಯಾದ ಮೇಲೆ ಇನ್ನೇನು? ನಾಲ್ಕು ಜನ ತೊಟ್ಟಿಲು ಎತ್ತಿದರು. ದಾರಿಯಲ್ಲಿ ಮೊಗ್ಗು ತಿರುವಿ ಚೀಟಿ ಎಗರಿಸೋಣವೆಂದು ಗೌರೀಶ ಒಂದು ಕಂಬಕ್ಕೆ ಕೈ ಹಾಕಿದರೆ, ಬಾಗಿಲು ದಾಟಿಸುವಾಗ ಇವರು ತೊಟ್ಟಿಲನ್ನು ಒಮ್ಮೆ ಹಿಂಗೆ, ಒಮ್ಮೆ ಹಂಗೆ ತಿರುಗಿಸಿ ಯಾವ ಕಂಬ ಯಾವ ದಿಕ್ಕಿಗಿದೆ ಎಂಬುದನ್ನೇ ಕಲಸಿಹಾಕಿದರು. ಅವನು ಹಿಡಿದ ಮೊಗ್ಗು ಅಲುಗಲಿಲ್ಲ. ಅದಲ್ಲ! ಇನ್ನೊಂದಕ್ಕೆ ಹೋಗುವಷ್ಟರಲ್ಲಿ ತೊಟ್ಟಿಲು ವ್ಯಾನಿನೊಳಗೆ ಹೋಗಿ ಬಾಗಿಲು ಮುಚ್ಚಿತು.

ನೇತ್ರಾ ಒಳಗಿನ ಕ್ಯಾಮರಾ ನೋಡಿದಳು. ಮರುಗಳಿಗೆ ಕಿಟಾರನೆ ಚೀರಿ ಕೆಂಪು ಗುಂಡಿಗೆ ಗುದ್ದಿದಳು. ಸೈರನ್ನು ಕೂಗಿತು. ಓಣಿಯ ನಾಯಿಗಳೆಲ್ಲ ದನಿಗೂಡಿಸಿದವು.

"ಕೂಸು! ಒಳಗ ಕೂಸೈತಿ! ಎಂಥಾ ಮಂದಿರೀ ನೀವು!"

ಜನ ಒಂದು ಗಳಿಗೆ ಕಂಗಾಲಾಗಿ, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಖಾಲಿ ತೊಟ್ಟಿಲನ್ನು ಎತ್ತಬಾರದು, ತೂಗಬಾರದು ಎಂಬುದು ಇಲ್ಲಿಯ ರೂಢಿ. ಅದಕ್ಕೆಂದೇ ನಮೂನೆಯ ತೊಟ್ಟಿಲಲ್ಲಿ ಅರೆಯುವ ಗುಂಡಕಲ್ಲಿಗೆ ಬಟ್ಟೆ ಸುತ್ತಿ, ತಲೆಗೊಂದು ಕೂಸಿನ ಟೊಪ್ಪಿಗೆ, ಕುಂಚಗಿ, ಕಟ್ಟಿ ಮಲಗಿಸಿದ್ದರು. ಆ ಕಲ್ಲುಕೂಸು ಐದು ವರ್ಷದಿಂದ ಅಲ್ಲೇ ಮಲಗಿತ್ತು, ಅತ್ತಿರಲಿಲ್ಲ, ಬೆಳೆದಿರಲಿಲ್ಲ.

ನೇತ್ರಾ ಬೆವರು ಒರೆಸಿಕೊಂಡಳು. "ಜೀವಂತ ಇದ್ದದ್ದನ್ನ ನಾವು ಒಳಗ ಬಿಡಂಗಿಲ್ರಿ, ಕಾಯದೆ ಐತಿ. ಕಲ್ಲಾದ್ರೂ ತಗೀರಿ. ಕಲ್ಲಿನ ಹಿಂದ ಏನೂ ಕಾಣಂಗಿಲ್ಲ."

ಏನೂ ಕಾಣಂಗಿಲ್ಲ! ಗೌರೀಶನಿಗೆ ದೇವರೇ ಕಲ್ಲಿನ ರೂಪದಲ್ಲಿ ಬಂದಂತಾಯಿತು. "ತಗಿಯಾಕ ಬರಂಗಿಲ್ರಿ!" ಎಂದು ಅವನು ಎದೆ ಸೆಟೆಸಿ ನಿಂತ. "ನಮ್ಮ ಅಜ್ಜನ ಕಾಲದಿಂದ ಬಂದ ರೂಢಿ! ಕೂಸು ಬರೂತನಾ ಕಲ್ಲು ಕೆಳಗ ಇಳಿಬಾರದು! ಜೀವಾ ಹೋದ್ರೂ ಬಿಡಾಂವಲ್ಲ!"

ಹಬ್ಬದ ದಿನವೂ ದೀಪ ಹಚ್ಚದ ಹುಡುಗನ ಬಾಯಲ್ಲಿ ಇಂಥ ಮಾತು ಕೇಳಿ ಜನರ ಕಣ್ಣು ತುಂಬಿ ಬಂದವು. ಮೊಬೈಲಿನಲ್ಲಿ ಮಂಜುಳಾ, "ಅತ್ತಿ, ಸ್ವಲ್ಪ ಅವರ ಕಡೆ ಹಿಡೀರಿ," ಎಂದದ್ದು ಕೇಳಿಸಿತು. ಗೌರೀಶ ಗೆದ್ದೇ ಬಿಟ್ಟಿದ್ದ.

"ಅಷ್ಟನೋ?" ಎಂದಳು ನೀಲಕ್ಕ. ಸರ ಸರ ಹೋಗಿ ಒಂದು ತೆಂಗಿನಕಾಯಿ ತಂದಳು. ಕುಂಚಗಿ ಬಿಚ್ಚಿ ಕಾಯಿಗೆ ಕಟ್ಟಿ ತೊಟ್ಟಿಲ ನಡುವೆ ಇಟ್ಟಳು. ಕಲ್ಲನ್ನು ಗೌರೀಶನ ಕೈಗೆ ಕೊಟ್ಟಳು. "ಹಿಡಕೋ, ನಿನ್ನ ಕೂಸು. ತೊಟ್ಟಿಲಾನೂ ಖಾಲಿ ಆಗಲಿಲ್ಲ, ರೂಢಿನೂ ಮುರೀಲಿಲ್ಲ. ನಡಸ ತಂಗಿ!"

ಆರು ಸೇರಿನ ಕಲ್ಲನ್ನು ಎದೆಗವಚಿಕೊಂಡು ಗೌರೀಶ ಪರದೆಯ ಮುಂದೆ ನಿಂತ. ಒಳಗೆ ಜಾಲರಿ ಕೂದಲೆಳೆಯಷ್ಟು ಸರಿಯುತ್ತಿತ್ತು. ಪರದೆಯ ಮೇಲೆ ಚಿತ್ರ ಬಸವನಹುಳುವಿನಂತೆ ತೆವಳುತ್ತ ಮೂಡುತ್ತಿತ್ತು. ಮೊದಲನೆಯ ಕಂಬ: ಒಳಗಿನ ಎಳೆ ಎಳೆಯೂ ಬಾಚಿದ ಕೂದಲಿನಂತೆ ನೆಟ್ಟಗೆ. "ವಾ!" ಎಂದ ಸಿರಾಜ ಕಾಕಾ. ಎರಡನೆಯದೂ ಹಾಗೆಯೇ. ಮೂರನೆಯದು ಮೂಡತೊಡಗಿತು. ಬುಡದಲ್ಲಿ ಒಂದು ಬಿಳಿ ಚುಕ್ಕೆ. ಚುಕ್ಕೆ ಗೆರೆಯಾಯಿತು, ಗೆರೆ ಹೊಳೆಯಿತು.

"ಇಲ್ಲಿ ಏನೋ ಪುಡಿ ಐತಿ," ಎಂದಳು ನೇತ್ರಾ.

ಗೌರೀಶನ ಕೈಯಿಂದ ಕಲ್ಲು ಜಾರಿ ಅವನ ಹೆಬ್ಬೆರಳ ಮೇಲೇ ಬಿತ್ತು.

"ಯವ್ವಾ! ನಂದ್ರಿ! ನಂದು! ಗುಟ್ಕಾರೀ ಅದು! ಏಳು ಚೀಟಿ ಅದಾವ! ಮಂಜುಳಾ ಅವರ, ನಾ ಸುಳ್ಳ ಹೇಳಿದ್ದೆ! ಹದಿಮೂರ ತಿಂತಿದ್ದೆ, ಈಗ ಒಂದಕ್ಕ ಬಂದೀನಿ! ನಾನ ಕಂಬಾ ಕೊರದ ಮುಚ್ಚಿಟ್ಟೀನಿ!"

ನೇತ್ರಾ ಕನ್ನಡಕ ಸರಿಪಡಿಸಿಕೊಂಡಳು.

"ಸರ, ಇದು ಗುಟ್ಕಾ ಅಲ್ರಿ. ಹುಳ ಹತ್ತೇತಿ. ಹುಳ ತಿಂದ ಕಟಗಿ ಪುಡಿ. ಸೀಮೆಣ್ಣಿ ಬಿಟ್ರ ಹೋಗ್ತೈತಿ."

ಅಷ್ಟರಲ್ಲಿ ನಾಲ್ಕನೆಯ ಕಂಬವೂ ಮೂಡಿತು. ತಲೆಯಲ್ಲಿ ಗೇಣುದ್ದದ ಚೊಕ್ಕ ತೂತು. ಒಳಗೆ ಏನೂ ಇಲ್ಲ. ಬೆಳಕಿಲ್ಲ, ಚುಕ್ಕೆ ಇಲ್ಲ, ಬಡವನ ಬೋಗುಣಿಯಂತೆ ಖಾಲಿ.

"ಎಲ್ಲೈತೋ ನಿನ್ನ ಗುಟ್ಕಾ?" ಎಂದ ಸಿರಾಜ ಕಾಕಾ. "ಇಲ್ಲದ್ದಕ್ಕ ಯಾಕ ಬಾಯಿ ಬಿಟ್ಟ್ಯೋ ಬೇಕೂಫಾ?"

ಅದೇ ಪ್ರಶ್ನೆಯನ್ನು ಗೌರೀಶ ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಹೆಬ್ಬೆರಳು ಬದನೆಕಾಯಿಯಂತೆ ಊದುತ್ತಿತ್ತು. ಏಳು ಚೀಟಿ ಗಾಳಿಯಲ್ಲಿ ಕರಗಿದ್ದವು, ಮಾತು ಮಾತ್ರ ಊರೆಲ್ಲ ಉಳಿದಿತ್ತು. ಸುಭಾಸ ಎದ್ದು ನಿಂತು, ಮುಖವನ್ನು ಇನ್ನೂ ಮೇಲಕ್ಕೆತ್ತಿ, ಮೂಗಿನಿಂದ "ಹ್ಞಂ!" ಎಂದ. ಬಸ್ಸಿನ ದಿಕ್ಕಿಗೆ ಕೈ ತೋರಿಸಿದ.

"ಅಪ್ಪಾ, ತಡೀರಿ," ಎಂದಿತು ಮೊಬೈಲು.

ಶೈಲಾ ಅದನ್ನು ಗೌರೀಶನ ಮುಖದ ಮುಂದೆ ಹಿಡಿದಳು. ಮಂಜುಳಾ ಮುಖವನ್ನು ಪರದೆಗೆ ಇನ್ನಷ್ಟು ಹತ್ತಿರ ತಂದಳು. ಹಿಂದೆ ಡಾಕ್ಟರು ಯಾರದೋ ಹಲ್ಲು ಕೊರೆಯುವ ಸದ್ದು.

"ಹದಿಮೂರ ತಿಂತಿದ್ದ್ರ್ಯಾ?"

"ಹೌದ್ರಿ."

"ನಮ್ಮಲ್ಲಿ ಬರೂರ ಹದಿಮೂರ ತಿಂದ ಎರಡ ಅಂತ ಬರಸ್ತಾರ. ಹದಿಮೂರು ಅಂತ ಹೇಳಿದಾಂವನ್ನ ಇವತ್ತ ನೋಡಿದೆ." ಅವಳ ತುಟಿಯಂಚಿನಲ್ಲಿ ಏನೋ ಸುಳಿಯಿತು. "ಇನ್ನ ಮುಂದ?"

"ಈಗಿಂದೀಗ ಬಿಟ್ಟೆ. ಇನ್ನ ಒಂದ ಚೀಟಿ ನನ್ನ ಕೈಯಾಗ ಕಂಡ್ರ ನೀವು ನನ್ನ ಮಾರಿ ನೋಡಬ್ಯಾಡ್ರಿ."

"ಆತು. ಒಂದ ತಿಂಗಳ ನೋಡ್ತೀನಿ."

ಜನ ಕೇಕೆ ಹಾಕಿದರು. ನೀಲಕ್ಕ ಕುಂಚಗಿ ಕಟ್ಟಿದ ತೆಂಗಿನಕಾಯಿಯನ್ನೇ ಎತ್ತಿಕೊಂಡು ಕುಣಿದಳು. ಗೌರೀಶನಿಗೆ ಹೆಬ್ಬೆರಳ ನೋವೇ ಮರೆತುಹೋಯಿತು. ಕುಂಟುತ್ತಲೇ ಬೀಗರನ್ನು ಬಸ್ಸಿಗೆ ಹತ್ತಿಸಿದ, ಶೈಲಾಳ ಉಡಿಗೆ ಕುಪ್ಪಸದ ಖಣ ಹಾಕಿಸಿದ, ಕಿಟಕಿಯ ಕೆಳಗೆ ಕೈ ಜೋಡಿಸಿ ನಿಂತ. ಮುಂದಿನ ಕಿಟಕಿಯಲ್ಲಿ ಸುಭಾಸ, ಹಿಂದಿನದರಲ್ಲಿ ಶೈಲಾ.

ಬಸ್ಸು ಗುರ್ ಎಂದಿತು. ಮುಂದಿನ ಕಿಟಕಿಯಿಂದ ಸುಭಾಸನ ತಲೆ ಹೊರಬಂತು. ಬೆಳಗಿನಿಂದ ಮುಚ್ಚಿದ್ದ ಬಾಯಿ ಈಗ ತೆರೆಯಿತು.

ಪಿಚಕ್!

ಕೆಂಪು ಧಾರೆಯೊಂದು ಗೌರೀಶನ ಗದ್ದಕ್ಕೆ ಬಡಿದು, ಬಿಳಿ ಅಂಗಿಯ ಮೇಲೆ ಮೂರು ಕವಲಾಗಿ ಇಳಿಯಿತು. ಅದರ ಬೆನ್ನಿಗೆ ಒಂದು ಖಾಲಿ ಚೀಟಿ ಗಾಳಿಯಲ್ಲಿ ತಿರುಗುತ್ತ ಅವನ ಕಾಲ ಬುಡದಲ್ಲಿ ಬಿತ್ತು. ಅದರ ಬಾಯಿಗೆ ಅರ್ಧ ಒಡೆದ ಹಸಿರು ಅರಗಿನ ಬೊಟ್ಟು.

ಗೌರೀಶ ಬಗ್ಗಿ ಅದನ್ನು ಎತ್ತಿಕೊಂಡ. ಟಕ್, ಟಕ್, ಟಕ್ ಎಂಬ ಸದ್ದು ನೆನಪಾಯಿತು. ಅರ್ಧ ಮುಚ್ಚಿದ ಕಣ್ಣು ನೆನಪಾಯಿತು. ಧ್ಯಾನಕ್ಕೆ ಕುಂತ ಸ್ವಾಮಿ! ಚೀಟಿಯನ್ನು ಮೇಲೆತ್ತಿ ಹಿಡಿದು, ಕೂಗಲೆಂದು ಬಾಯಿ ತೆರೆದ.

ಸರಿಯಾಗಿ ಆ ಗಳಿಗೆಗೆ ಹಿಂದಿನ ಕಿಟಕಿಯಿಂದ ಶೈಲಾ ಮೊಬೈಲನ್ನು ಹೊರಗೆ ಚಾಚಿದಳು. "ತಗೋ ಮಂಜೂ, ಕಡೀಕ ಒಂದ ಸಲ ಟಾಟಾ ಮಾಡು!"

ಮಂಜುಳಾ ನೋಡಿದಳು. ಗದ್ದದಿಂದ ಕೆಂಪು ರಸ ಸುರಿಯುತ್ತಿದೆ. ಅಂಗಿಯೆಲ್ಲ ಕೆಂಪು. ಬಾಯಿ ಆಂ ಎಂದು ತೆರೆದಿದೆ. ಎತ್ತಿದ ಕೈಯಲ್ಲಿ ಗುಟ್ಕಾ ಚೀಟಿ.

"ಹತ್ತ ನಿಮಿಷ ಆಗಿಲ್ಲ!" ಎಂದಳು. "ಹತ್ತ ನಿಮಿಷನೂ ತಡಕೊಳ್ಳಾಕ ಆಗಲಿಲ್ಲಲ್ರಿ!"

"ಅಲ್ರಿ, ಇದು ನಿಮ್ಮಪ್ಪಂದು..."

"ನಮ್ಮಪ್ಪಂದಾ? ನನ್ನ ತಲಿ ಮ್ಯಾಲೆ ಕೈ ಇಟ್ಟಾರ್‍ರಿ ಅವರು! ಚೀಟಿ ಮ್ಯಾಲೆ ನಿಮ್ಮ ತೊಟ್ಟಿಲ ಅರಗು ಐತಿ!" ಪರದೆ ಕಪ್ಪಾಯಿತು.

ಖಾಲಿಯಾದ ಬಾಯಿಂದ ಸುಭಾಸ ಮುಂಜಾನೆಯ ಅದೇ ದೊಡ್ಡ ದನಿ ತೆಗೆದ. "ಛೀ ಛೀ ಛೀ! ಇಂಥಾ ಚಟದವಂಗ ಮಗಳ್ನ ಕೊಡ್ಲ್ಯಾ? ಕಟಗಿ ಬಡದಾಗನ ಅನಕೊಂಡಿದ್ದೆ, ಒಳಗ ಟೊಳ್ಳೈತಿ ಅಂತ! ನಡಸ್ರಿ ಡ್ರೈವರಪ್ಪಾ!"

ಬಸ್ಸು ಧೂಳೆಬ್ಬಿಸಿ ಹೊರಟುಹೋಯಿತು. ಉಳಿದ ಚೀಟಿಗಳೂ ಸುಭಾಸನ ಕಿಸೆಯಲ್ಲೇ ಅಳ್ನಾವರಕ್ಕೆ ಪ್ರಯಾಣ ಬೆಳೆಸಿದವು.

ಗೌರೀಶ ಕುಂಟುತ್ತ ವ್ಯಾನಿನ ಹತ್ತಿರ ಬಂದ. ನೇತ್ರಾ ತಂತಿ ಸುತ್ತುತ್ತಿದ್ದಳು.

"ಬಾಯೀರ, ಒಂದ ಮಾತ. ಮನಷ್ಯಾರ ಬಾಯಾಗ ಏನೈತಿ ಅಂತ ಈ ಮಷಿನ್ ತೋರಸ್ತೈತೇನ್ರಿ?"

ನೇತ್ರಾ ಅವನ ಕೆಂಪು ಗದ್ದ, ಕೆಂಪು ಅಂಗಿ, ಕೈಯಲ್ಲಿನ ಚೀಟಿ ಎಲ್ಲವನ್ನೂ ನೋಡಿದಳು.

"ಜೀವಂತ ಇದ್ದದ್ದನ್ನ ಒಳಗ ಬಿಡಂಗಿಲ್ಲ ಅಂತ ಆಗ್ಲೇ ಹೇಳೀನ್ರಿ ಸರ," ಎಂದಳು. "ಮತ್ತ ನಿಮಗ ಮಷಿನ್ ಯಾಕ ಬೇಕು? ಹೊರಗ ಕಾಣಾಕತ್ತೈತಲ್ಲ."